ತೂಕಕ್ಕೆ ಇಟ್ಟ ಹಾಲು

ಐಗಳಿಯ ಮುರಗೆಪ್ಪನ ಮನೆತನದ ಮಾನ ನಿಂತಿದ್ದ ಪ್ರಶ್ನೆಯೊಂದು ಆ ಗುರುವಾರ ಮುಂಜಾನೆ ಅಡುಗೆಮನೆಯಲ್ಲಿ ಇತ್ಯರ್ಥವಾಗಬೇಕಿತ್ತು: ಹಾಲಿನ ತಂಬಿಗೆ ಹಿತ್ತಾಳೆಯದಿರಬೇಕೋ, ಸ್ಟೀಲಿನದೋ. ಮುರಗೆಪ್ಪ ಹಿತ್ತಾಳೆಯ ಪಕ್ಷ. ಹೆಂಡತಿ ಕೆಂಚವ್ವ ಸ್ಟೀಲಿನ ಪಕ್ಷ, ಏಕೆಂದರೆ ತಿಕ್ಕಲು ಮನೆಯಲ್ಲಿ ಹುಣಸೆಹಣ್ಣು ಮುಗಿದಿತ್ತು. ಕೊನೆಗೆ ನೆರೆಮನೆಯ ತುಳಸವ್ವನ ಹಿತ್ತಾಳೆ ತಂಬಿಗೆ, ತಿಕ್ಕಿಸಿಕೊಂಡೇ, ಕಡ ಬಂತು.

ಊಟ ತೂಗುವವರು ಬರುವವರಿದ್ದರು. ದೇಶದ ಜನ ಬಿ ಜೀವಸತ್ವಗಳನ್ನು ಯಾವ ಆಹಾರದಿಂದ ಎಷ್ಟು ಪಡೆಯುತ್ತಾರೆಂದು ಅಳೆಯುವ ಸಮೀಕ್ಷೆ ಅದು. ಐಗಳಿಯಲ್ಲಿ ಚೀಟಿ ಎತ್ತಿದಾಗ ಈ ಮನೆಯೂ ಬಂದಿತ್ತು. ಒಂದು ದಿನವಿಡೀ ಮನೆಯಲ್ಲೇ ಕೂತು, ಯಾರ ತಾಟಿಗೆ ಏನು ಬೀಳುತ್ತದೋ ಅದನ್ನು ತೂಗಿ ಬರೆದುಕೊಳ್ಳುವುದು ಕ್ರಮ. ಚಿಕ್ಕೋಡಿಯ ನೀಲಮ ಎಂಬ ಹುಡುಗಿ ಮೊದಲೇ ಬಂದು ಹೇಳಿ ಹೋಗಿದ್ದಳು.

"ದಿನಾ ಮಾಡೂದ ಮಾಡ್ರಿ ಕಾಕಾ, ಜಾಸ್ತಿ ಏನೂ ಬ್ಯಾಡ. ಹಾಲು-ಮೊಸರಿನ್ಯಾಗಿನ ಬಿ ಕಮ್ಮಿ ಆದ್ರ ಕಾಲು ಜುಮುಗುಡ್ತಾವ, ನಾಲಿಗಿ ಸುಲೀತೈತಿ. ಯಾರಿಗೆ ಕಮ್ಮಿ ಬೀಳ್ತೈತಿ ಅವರನ್ನ ಅಥಣಿಗೆ ಕರ್ಕೊಂಡು ಹೋಗಿ ರಕ್ತ ನೋಡಸ್ತೀವಿ. ಇಂಜೆಕ್ಷನ್ ಬೇಕಾದ್ರ ಅದೂ ಕೊಡಸ್ತೀವಿ."

ಬಾಗಿಲ ಹಿಂದೆ ನಿಂತು ಈ ಮಾತನ್ನು ಎದೆಗಿಳಿಸಿಕೊಂಡವಳು ಸೊಸೆ ಸ್ನೇಹಲ. ದೀಪಾವಳಿಯಿಂದ ಅವಳ ಪಾದಗಳು ಜುಮುಗುಟ್ಟುತ್ತಿದ್ದವು. ಈಗೀಗ ಚಪ್ಪಲಿ ಕಳಚಿಕೊಂಡರೂ ಗೊತ್ತಾಗುತ್ತಿರಲಿಲ್ಲ. ನಾಲಿಗೆ ಸುಲಿದು ಕೆಂಪಾಗಿತ್ತು. ದವಾಖಾನೆಯ ಮಾತೆತ್ತಿದರೆ ಮುರಗೆಪ್ಪನ ಔಷಧ ತಯಾರಿರುತ್ತಿತ್ತು: "ದ್ರಾಕ್ಷಿ ತ್ವಾಟದಾಗ ಬರಿಗಾಲೀಲೆ ಅಡ್ಡಾಡು, ಹೋಗ್ತೈತಿ." ಗಂಡ ಅಮೋಲ "ಅಪ್ಪ ಅಂದಂಗ ಮಾಡು" ಎನ್ನುತ್ತಿದ್ದ. ಮದುವೆಯಾದಾಗಿನಿಂದ ಅವನು ಹೆಂಡತಿಗೆ ಹೇಳಿದ ಅತಿ ಉದ್ದದ ಮಾತು ಅದು.

ಹಾಗೆಂದು ಮನೆಯಲ್ಲಿ ಎಮ್ಮೆಗಳಿಗೇನೂ ಕೊರತೆಯಿರಲಿಲ್ಲ. ಕರೆದ ಹಾಲು ನೊರೆ ಆರುವ ಮೊದಲೇ ಅಮೋಲನ ಗಾಡಿಯ ಮೇಲೆ ಡೇರಿಗೆ ಹೋಗುತ್ತಿತ್ತು. ತಮ್ಮ ಹಾಲಿನಷ್ಟು ಫ್ಯಾಟು ಊರಲ್ಲಿ ಯಾರ ಹಾಲಿಗೂ ಬರುವುದಿಲ್ಲವೆಂದು ಮುರಗೆಪ್ಪ ಕಟ್ಟೆಯ ಮೇಲೆ ಕೂತು ಹೇಳುತ್ತಿದ್ದ. ಮನೆಗೆ ಉಳಿಯುವುದು ಚಹಾಕ್ಕೆ ಬಣ್ಣ ಬರುವಷ್ಟು, ಗಂಡಸರ ಊಟಕ್ಕೆ ಮೊಸರಾಗುವಷ್ಟು. ಹೆಂಗಸರು ಕೊನೆಗೆ ಕೂತು, ಉಳಿದ ರೊಟ್ಟಿಯನ್ನು ಕೆಂಪು ಚಟ್ನಿಯೊಂದಿಗೆ ಮುಗಿಸುತ್ತಿದ್ದರು. ಪಲ್ಲೆ ತಳದಲ್ಲಿದ್ದರೆ ಇತ್ತು.

ಗುರುವಾರ ಹಾಲಿನ ಕ್ಯಾನು ಡೇರಿಗೆ ಹೋಗಲಿಲ್ಲ. ನೀಲಮ ತಕ್ಕಡಿ ಬಿಚ್ಚುವ ಹೊತ್ತಿಗೆ ಮೆಂತೆ ಪಲ್ಲೆ, ಮಡಕಿಕಾಳಿನ ಉಸುಳಿ, ಗಟ್ಟಿ ಮೊಸರು, ಹಿತ್ತಾಳೆ ತಂಬಿಗೆ ತುಂಬ ಹಾಲು, ಒಣದ್ರಾಕ್ಷಿ ಸುರಿದ ಶಿರಾ ಸಾಲಾಗಿ ಕೂತಿದ್ದವು.

"ಬಿ ಯಾಕ್ರಿ ಬಾಯಾರ, ನಮ್ಮ ಮನ್ಯಾಗ ಎ ಐತಿ ಅಂತ ಬರ್ಕೊಳ್ರಿ," ಎಂದು ಮುರಗೆಪ್ಪ ತಾನೇ ನಕ್ಕ.

ಆ ದಿನ ಸೊಸೆಯ ತಾಟು ಮೊದಲು ಬಂತು. ಸ್ನೇಹಲ ಅದನ್ನು ನೋಡಿದಳು, ನೀಲಮಳನ್ನು ನೋಡಿದಳು.

"ಇದು ದಿನಾ ಇರೂದಿಲ್ರಿ."

"ಬಾಯಿ ಹುಣ್ಣಾಗೈತ್ರಿ ಆಕೀದು, ಏನರ ಮಾತಾಡ್ತಾಳ," ಎಂದಳು ಕೆಂಚವ್ವ.

"ಮಂದಿ ಮುಂದ ಮನಿ ಮಾನ ಕಳೀತಿ ಏನ?" ಎಂದ ಮುರಗೆಪ್ಪ.

"ಮಾನ? ನನ್ನ ಕಾಲ ಸತ್ತಾವ್ರಿ ಮಾವಾರ! ಕೊಳ್ಳಿ ಚುರ್ ಅಂದ್ರೂ ತಿಳೀವಲ್ದು. ಇಷ್ಟ ದಿನ ಎಲ್ಲಿತ್ರಿ ಈ ಹಾಲು?"

ಅಮೋಲ ಶಿರಾದಲ್ಲಿದ್ದ ಒಣದ್ರಾಕ್ಷಿಗಳನ್ನು ಒಂದು ಕಡೆ ಸರಿಸತೊಡಗಿದ.

"ಯಾರ ಬ್ಯಾಡ ಅಂದಾರವಾ ನಿನಗ?" ಕೆಂಚವ್ವ ದನಿ ಎಳೆದಳು. "ಅಕಾ, ಅಲ್ಲೇ ಐತಿ. ಕುಡಿ. ತಂಬಿಗೀನ ಎತ್ತಿ ಕುಡಿ!"

ಸ್ನೇಹಲ ಎದ್ದಳು. ಮಾವನ ಎದುರು ಸೆರಗನ್ನೂ ಸರಿಮಾಡಿಕೊಳ್ಳದೆ ತಂಬಿಗೆಯನ್ನು ಎತ್ತಿ ನಿಂತೇ ಕುಡಿದಳು. ಹಾಲು ಗದ್ದದಿಂದ ಕುಪ್ಪಸಕ್ಕೆ ಇಳಿಯಿತು. ಸುಲಿದ ನಾಲಿಗೆ ಉರಿಯಿತು, ಅವಳು ನಿಲ್ಲಿಸಲಿಲ್ಲ. ಬರಿದಾದ ತಂಬಿಗೆಯನ್ನು ನೆಲಕ್ಕೆ ಕುಕ್ಕಿದಳು. ಮಿರಜದ ಮಗಳು, ಸಿಟ್ಟು ನೆತ್ತಿಗೇರಿದರೆ ಮರಾಠಿಯೇ ಮೊದಲು ಬರುತ್ತಿತ್ತು.

"ಲಿಹಾ! ಬರ್ಕೋರಿ!"

ಕೆಂಚವ್ವ ತನ್ನ ತಾಟನ್ನು ದೂರ ತಳ್ಳಿ, ಗೋಡೆಗೆ ಮುಖ ಮಾಡಿ ಕೂತಳು. ಸಂಜೆಯವರೆಗೂ ಒಂದು ತುತ್ತು ಮುಟ್ಟಲಿಲ್ಲ.

ನೀಲಮ ಪೆನ್ನು ಹಿಡಿದು ತಡೆದಳು. "ವೈನಿ, ಯಾಕ ಕುಡದ್ರಿ?" ಎಂದಳು ಸಣ್ಣ ದನಿಯಲ್ಲಿ. "ಈಗ ನಾ ಕಣ್ಣಿಲೆ ಕಂಡಿದ್ದು ಬರೀಬೇಕಾಗ್ತೈತ್ರಿ."

"ಮತ್ತ ನಿನ್ನೀದು? ಮೊನ್ನೀದು?"

"ಅದನ್ನ ಬರ್ಯಾಕ ಇದರಾಗ ಜಾಗಾ ಇಲ್ರಿ."

"ಜಾಗಾ ಇಲ್ಲ ಅಂದ್ರ ತಕ್ಕಡಿ ಯಾಕ ತಂದಿರಿ? ನನ್ನ ಕಾಲ ತೂಗ್ರಿ!"

ನೀಲಮ ತಂಬಿಗೆಯ ಹಾಲನ್ನು ಸ್ನೇಹಲಳ ಹೆಸರಿನ ಮುಂದೆ ಬರೆದುಕೊಂಡಳು.

ಮುರಗೆಪ್ಪನ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಬಿ ಜೀವಸತ್ವ ಸಿಗುತ್ತಿರುವುದು ಸೊಸೆಗೆ ಎಂದು ದಾಖಲಾಯಿತು. ರಕ್ತಪರೀಕ್ಷೆಗೆ ಅಥಣಿಯಿಂದ ಕರೆ ಬಂದದ್ದು ಕೆಂಚವ್ವನಿಗೆ.