ಭಾವ ಫೈಲಿಗೆ ಬರೆಯದ ಫಂಕ್ಷನ್

ದೇವರು ಕಣ್ಣಿಗೆ ಬೀಳದಿದ್ದರೂ ಇದ್ದಾನೆ; ಅದು ಅವನ ದೊಡ್ಡತನ. ಈ ಕತೆಯ ಭಾವನ ಫಂಕ್ಷನ್ ದಿನವೂ ದುಡಿಯುತ್ತಿದ್ದರೂ ಎಲ್ಲೂ ಇರಲಿಲ್ಲ. ಅದು ಭಾವನ ದೊಡ್ಡತನ.

ಮರದ ಮೆಟ್ಟಿಲು ಮಾಡುವ ಕಾರ್ಖಾನೆ. ಕೆಳಗೆ ಗರಗಸ, ಮರದ ಪುಡಿ. ಮಹಡಿಯಲ್ಲಿ ನಕ್ಷೆಯ ಕೋಣೆ. ಅಲ್ಲಿನ ಕಂಪ್ಯೂಟರಿಗೆ ಲಿಸ್ಪ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಪ್ರೋಗ್ರಾಂ ಬರೆದವನು ಭಾವ. ಅದರಿಂದ ನಕ್ಷೆ ತೆಗೆಯುವವಳು ಅವನ ನಾದಿನಿ. ಅವಳ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಲಿಸ್ಪಿನ ಗುಣವೇನೆಂದರೆ, ಪ್ರೋಗ್ರಾಂ ಓಡುತ್ತಿರುವಾಗಲೇ ಹೊಸ ಫಂಕ್ಷನ್, ಅಂದರೆ ಒಂದು ಲೆಕ್ಕ ಮಾಡುವ ವಿಧಾನಕ್ಕೆ ಹೆಸರಿಟ್ಟು, ಟೈಪ್ ಮಾಡಿಕೊಟ್ಟರೆ ಆ ಕ್ಷಣವೇ ಕಲಿತುಬಿಡುತ್ತದೆ. ಫೈಲಿಗೂ ಬರೆದಿಡದಿದ್ದರೆ ಮಾತ್ರ ಕಂಪ್ಯೂಟರ್ ಆರಿದೊಡನೆ ಕಲಿತದ್ದೆಲ್ಲ ಮರೆತುಹೋಗುತ್ತದೆ. ಬರೆದಿಡುವುದು ಗುಮಾಸ್ತರ ಕೆಲಸವೆಂದು ಭಾವನ ಮತ. ಅದಕ್ಕೇ, ಕಂಪ್ಯೂಟರನ್ನು ಯಾರೂ ಆರಿಸಕೂಡದೆಂದು ಕಟ್ಟಪ್ಪಣೆ ಮಾಡಿದ್ದ.

ಕಟ್ಟಪ್ಪಣೆ ಎಲೆಕ್ಟ್ರಿಷಿಯನ್‌ಗೆ ಗೊತ್ತಿರಲಿಲ್ಲ. ಒಂದು ಬೆಳಗ್ಗೆ ಸ್ವಿಚ್‌ಬೋರ್ಡ್ ಬದಲಿಸಲು ಬಂದವನು ಮೇನ್ ಸ್ವಿಚ್ ಇಳಿಸಿದ. ಕರೆಂಟು ಬಂದ ಮೇಲೆ ನಾದಿನಿ ಪ್ರೋಗ್ರಾಂ ನಡೆಸಿದರೆ ಪರದೆಯ ಮೇಲೆ ಒಂದೇ ದೂರು: ‘ಮೆಟ್ಟಿಲೆತ್ತರ’ ಎಂಬ ಫಂಕ್ಷನ್ ಇಲ್ಲ.

“ಅಳಿಸಿಬಿಟ್ಟೆಯಲ್ಲ ಮಾರಾಯ್ತಿ!” ಎಂದ ಭಾವ, ಕಾರ್ಖಾನೆಯ ಯಜಮಾನರಿಗೆ ಕೇಳುವಷ್ಟು ಗಟ್ಟಿಯಾಗಿ.

“ನಾನು ಮುಟ್ಟೇ ಇಲ್ಲ ಭಾವ. ಫೈಲಲ್ಲಿ ಇದೆಯಾ ನೋಡಿ.”

“ನನಗೇ ಹೇಳಿಕೊಡ್ತೀಯಾ?”

ಭಾವ ಪಂಡಿತರು ಫೈಲಿನಲ್ಲಿ ಒಂದು ಕಂಸದ ಗುರುತು ಸೇರಿಸಿದರು, ಎರಡು ಕಿತ್ತರು. ಅದೇ ಫೈಲನ್ನು ಮತ್ತೆ ಮತ್ತೆ ಲೋಡ್ ಮಾಡಿದರು, ಖಾಲಿ ಡಬ್ಬಿ ಅಲುಗಾಡಿಸಿದರೆ ಸಕ್ಕರೆ ಉದುರೀತು ಎಂಬಂತೆ. ನಾದಿನಿ ಪಕ್ಕದಿಂದ ಕೈಚಾಚಿ ಆ ಹೆಸರನ್ನು ಫೈಲಲ್ಲಿ ಹುಡುಕಿಸಿದಳು. ಮೆಟ್ಟಿಲೆತ್ತರವನ್ನು ಕರೆಯುವ ಸಾಲುಗಳು ಬೇಕಾದಷ್ಟಿದ್ದವು. ಅದು ಏನು ಮಾಡಬೇಕೆಂದು ಹೇಳುವ ಸಾಲು ಒಂದೂ ಇಲ್ಲ.

ನಕ್ಷೆಗೆ ಕಾದು ಬಾಗಿಲಿಗೆ ಒರಗಿದ್ದ ಬಡಗಿ ನಕ್ಕ. “ಅಲ್ಲಾ ಸ್ವಾಮೀ, ಹುಟ್ಟದ ಮಗೂನ ಹೆಸರು ಹಿಡಿದು ಕೂಗಿದ್ರೆ ಓಗೊಡುತ್ತಾ?”

ಈಗ ಫೈಲಿಗೆ ಬರೆದರೆ, ಫಂಕ್ಷನ್ ಮೊದಲು ಅಲ್ಲಿ ಇರಲೇ ಇಲ್ಲವೆಂದು ಒಪ್ಪಿಕೊಂಡಂತೆ. ಭಾವ ಎಲ್ಲರನ್ನೂ ಆಚೆ ಕಳಿಸಿ, ಫಂಕ್ಷನ್ನನ್ನು ಓಡುತ್ತಿದ್ದ ಪ್ರೋಗ್ರಾಮಿಗೇ ಮತ್ತೆ ಟೈಪ್ ಮಾಡಿಕೊಟ್ಟು, ಬೆವರೊರೆಸಿಕೊಂಡು ಬಾಗಿಲು ತೆರೆದಾಗ ಗದ್ದಲ ಕೇಳಿ ಯಜಮಾನರೂ ಬಂದು ನಿಂತಿದ್ದರು. “ಇವಳು ಕೆಡಿಸಿದ್ದನ್ನ ಸರಿಮಾಡಿದೆ, ಯಜಮಾನ್ರೇ. ನಮ್ಮವಳು ಅಂತ ಎಷ್ಟು ಸಲ ತಿದ್ದೋದು?”

ನಕ್ಷೆ ಬಂತು. ಯಜಮಾನರು ನಾದಿನಿಯ ಕಡೆ ನೋಡದೆಯೇ, “ನಾಳೆಯಿಂದ ಬರಬೇಡಮ್ಮ” ಎಂದರು.

ಅವಳು ಅಳಲಿಲ್ಲ. ನಕ್ಷೆ ಬಡಗಿಯ ಕೈಸೇರುವವರೆಗೆ ಕಾದಳು. ಆಮೇಲೆ ಗೋಡೆಯ ಬಳಿ ಹೋಗಿ, ಕಂಪ್ಯೂಟರಿನ ಸ್ವಿಚ್ ಆರಿಸಿ, ಮತ್ತೆ ಹಾಕಿದಳು.

“ಏಯ್! ಏನು ಮಾಡ್ದೆ?” ಭಾವ ಕುರ್ಚಿಯಿಂದ ನೆಗೆದ.

“ಏನಿಲ್ಲ ಭಾವ. ನೀವು ಸರಿಮಾಡಿದೀರಲ್ಲ, ಫೈಲಲ್ಲಿ ಬರೆದಿದ್ರೆ ಆರಿಸಿದ್ರೂ ಹೋಗಲ್ಲ, ಇನ್ನೊಂದ್ಸಲ ನಡೆಸಿ. ನಾನು ಯಜಮಾನ್ರ ಪಕ್ಕ ನಿಂತಿರ್ತೀನಿ.”

ಭಾವ ನಡೆಸಿದ. ಪರದೆ ಸುಳ್ಳು ಹೇಳುವುದನ್ನು ಯಾರಿಂದಲೂ ಕಲಿತಿರಲಿಲ್ಲ: ‘ಮೆಟ್ಟಿಲೆತ್ತರ’ ಇಲ್ಲ.

“ಈಗ ಅಳಿಸಿದ್ದು ಯಾರಪ್ಪಾ?” ಯಜಮಾನರು ಕೇಳಿದರು.

“ಸ್ವಿಚ್ ಆರಿಸಿದ್ದು ಇವಳೇ ತಾನೆ...”

“ಮೆಟ್ಟಿಲು ಮಾಡೋನು ನಾನು. ದೀಪ ಆರಿದ್ರೆ ನನ್ನ ಮೆಟ್ಟಿಲು ಮಾಯ ಆಗಲ್ಲ.” ಯಜಮಾನರು ಸ್ಟೂಲು ಎಳೆದು ಕೂತರು. “ಫೈಲಿಗೆ ಬರಿ. ನಾನು ನೋಡ್ತಾ ಇರ್ತೀನಿ. ನೀನು ನಾಳೆ ಬಾಮ್ಮ, ಎಂದಿನ ಹಾಗೆ.”

ಭಾವ ಒಂದೇ ಬೆರಳಲ್ಲಿ ಕುಟ್ಟತೊಡಗಿದ.

“ಸೇವ್ ಮಾಡಿ ಭಾವ,” ಎಂದಳು ನಾದಿನಿ, ಬಹಳ ಮರ್ಯಾದೆಯಿಂದ.