ರುಚಿ ನೋಡುವ ಪಾಳಿ

ಕಾಡವ್ವನಿಗೆ ಯಾರ ಮೇಲೂ ಸುಲಭಕ್ಕೆ ನಂಬಿಕೆ ಹುಟ್ಟುತ್ತಿರಲಿಲ್ಲ. ಅದರಲ್ಲೂ ನಕ್ಕು ಮಾತಾಡಿಸುವವರನ್ನು ಕಂಡರೆ ಅವಳ ಮೈಯೆಲ್ಲ ಕಣ್ಣಾಗುತ್ತಿತ್ತು. ಹಾಗಾಗಿ ಶಾಲೆಯ ಸಮಿತಿ ಅಧ್ಯಕ್ಷ ಶಂಕರೆಪ್ಪನ ಹೆಂಡತಿ ಚನ್ನವ್ವ ಅಡುಗೆಮನೆಯ ಬಾಗಿಲಿಗೆ ಬಂದು, ಮುಗುಳ್ನಕ್ಕು, ಸೆರಗಿನ ಮರೆಯಿಂದ ಸ್ಟೀಲಿನ ಡಬ್ಬಿ ತೆಗೆದು ಚಾಚಿದಾಗ, ಇದರಲ್ಲೇನೋ ಇದೆ ಅಂದುಕೊಂಡಳು. ಮರುದಿನವೂ ಬಂದಳು, ಅದರ ಮರುದಿನವೂ ಬಂದಳು. ಸ್ವಲ್ಪ ಸಾರು ಹಾಕು, ಮನೆಯಲ್ಲಿ ರುಚಿ ನೋಡುತ್ತೇನೆ ಅನ್ನುವುದು, ಡಬ್ಬಿ ತುಂಬಿದ ಕೂಡಲೇ ಹಿತ್ತಲ ದಾರಿ ಹಿಡಿಯುವುದು. ಎರಡು ವಾರದಿಂದ ಇದೇ ನಡೆದಿತ್ತು.

ಕಟಕೋಳದಿಂದ ತೊರಗಲ್ ಕಡೆ ಹೋಗುವ ರಸ್ತೆಯ ಬದಿಗಿರುವ ಆ ಊರ ಶಾಲೆಯಲ್ಲಿ ಕಾಡವ್ವ ಆರು ವರ್ಷ ಕಟ್ಟಿಗೆ ಒಡೆದಿದ್ದಳು, ನೀರು ಹೊತ್ತಿದ್ದಳು, ಅಂಗಳ ಗುಡಿಸಿದ್ದಳು. ಆಗ ಯಾರಿಗೂ ಏನೂ ಅನ್ನಿಸಿರಲಿಲ್ಲ. ಈ ಜೂನ್‌ನಲ್ಲಿ ಹಳೆಯ ಅಡುಗೆಯಾಕೆ ಕೆಲಸ ಬಿಟ್ಟು, ಸೌಟು ಕಾಡವ್ವನ ಕೈಗೆ ಬಂದ ದಿನವೇ ಹನ್ನೊಂದು ಮಕ್ಕಳಿಗೆ ಹೊಟ್ಟೆನೋವು ಶುರುವಾಯಿತು. ಬಿಸಿಯೂಟದ ಗಂಟೆ ಹೊಡೆಯುತ್ತಲೇ ಬಂದು, ಮನೆಗೆ ಹೋಗಿ ಉಂಡ ಕೂಡಲೇ ವಾಸಿಯಾಗುವ ಹೊಟ್ಟೆನೋವು. ಹನ್ನೊಂದೂ ಮಕ್ಕಳು ಮೇಲಿನ ಓಣಿಯವು. ಕಾಡವ್ವನ ಕೇರಿಯ ಒಂದು ಮಗುವಿಗೂ ಆ ಬೇನೆ ತಗುಲಲಿಲ್ಲ. ಡಾಕ್ಟರಿಗೆ ತೋರಿಸಿರಿ ಎಂದು ಯಾರೂ ಹೇಳಲಿಲ್ಲ. ಔಷಧ ಯಾವುದೆಂದು ಎಲ್ಲರಿಗೂ ಗೊತ್ತಿತ್ತು.

ಬಡಿಸುವ ಮೊದಲು ದಿನಕ್ಕೊಬ್ಬ ತಾಯಿ ಪಾಳಿಯ ಪ್ರಕಾರ ಬಂದು ಅಡುಗೆಯ ರುಚಿ ನೋಡಿ, ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಅದು ನಿಯಮ. ಮೇಲಿನ ಓಣಿಯ ತಾಯಂದಿರು ನಿಯಮ ಮುರಿಯಲಿಲ್ಲ, ಪಾಪ. ಬಂದರು, ‘ರುಚಿ ನೋಡಿದೆ, ಚೆನ್ನಾಗಿದೆ’ ಎಂದು ದುಂಡಗೆ ಬರೆದರು, ಸಹಿಯನ್ನೂ ಹಾಕಿದರು. ನಾಲಿಗೆಗೆ ಮಾತ್ರ ಏನನ್ನೂ ತಾಗಿಸಲಿಲ್ಲ. ಒಬ್ಬಳಿಗೆ ಸೋಮವಾರದ ಉಪವಾಸ, ಇನ್ನೊಬ್ಬಳಿಗೆ ಹಲ್ಲುನೋವು. ಕೆಂಪವ್ವನಂತೂ ಬಟ್ಟಲಲ್ಲಿ ಹಾಕಿಸಿಕೊಂಡು, ಕಾಡವ್ವ ಅತ್ತ ತಿರುಗಿದ್ದೇ ತಡ, ಪಪ್ಪಾಯಿ ಗಿಡದ ಬುಡಕ್ಕೆ ಸುರಿದು ಬಾಯಿ ಒರೆಸಿಕೊಂಡಳು. ಕಾಡವ್ವನ ಓರೆಗಣ್ಣಿಗೆ ಅದು ಬಿದ್ದೇ ಬಿದ್ದಿತ್ತು. ಆ ಗಿಡ ಈ ವರ್ಷ ಸೊಂಪಾಗಿ ಬೆಳೆದಿತ್ತು.

ಹೀಗಿರುವಾಗ ಪಾಳಿಯೇ ಇಲ್ಲದ ದಿನ ಚನ್ನವ್ವ ಡಬ್ಬಿ ಹಿಡಿದು ಬಂದರೆ ಏನು ತಿಳಿಯಬೇಕು? ಯಾವುದೋ ಊರಲ್ಲಿ ಬೇಡವಾದ ಅಡುಗೆಯವಳ ಸಾರಿನಲ್ಲಿ ಹಲ್ಲಿ ಹಾಕಿ, ಅದನ್ನೇ ಪಂಚಾಯಿತಿಗೆ ಒಯ್ದು ತೋರಿಸಿದರಂತೆ. ಕೇಳಿದ ಮಾತು, ಆದರೆ ಕಾಡವ್ವನಿಗೆ ಕಣ್ಣಾರೆ ಕಂಡಷ್ಟೇ ಖಾತ್ರಿಯಾಗಿತ್ತು. ಅವಳು ದಿನದ ಅಡುಗೆಯ ಮಾದರಿಯನ್ನು ಒಂದು ಡಬ್ಬಿಯಲ್ಲಿ ತೆಗೆದಿಡುವ ಬದಲು ಎರಡರಲ್ಲಿ ಇಟ್ಟು ಮುಚ್ಚಳಕ್ಕೆ ದಾರ ಸುತ್ತಿದಳು. ರಾಮದುರ್ಗದಲ್ಲಿ ಮೊಬೈಲ್ ರಿಪೇರಿ ಮಾಡುವ ಮಗ ಕಾಂತೇಶ, ಚನ್ನವ್ವನ ಡಬ್ಬಿ ತುಂಬಿಸುವಾಗೆಲ್ಲ ಫೋಟೋ ತೆಗೆದಿಡು ಎಂದ. ತೆಗೆದಳು. ಅಷ್ಟೂ ಫೋಟೋಗಳಲ್ಲೂ ಅವಳ ಹೆಬ್ಬೆರಳೇ ದೊಡ್ಡದಾಗಿ ಬಂದಿತ್ತು.

ಹೊಸದಾಗಿ ಬೈಲಹೊಂಗಲದಿಂದ ಬಂದ ಮುಖ್ಯಶಿಕ್ಷಕಿ, ಹೆಡ್ ಅಕ್ಕೋರು ಅನ್ನಪೂರ್ಣಾ ಅವರನ್ನೂ ಕಾಡವ್ವ ನಂಬಲಿಲ್ಲ. ಅವರು ಬಂದ ವಾರವೇ ತರಗತಿಯಲ್ಲಿ ಮಕ್ಕಳನ್ನು ಓಣಿವಾರು ಕೂಡುವುದು ಬಿಡಿಸಿ, ಹಾಜರಿ ಪುಸ್ತಕದ ಸಾಲಿನಂತೆ ಕೂಡಿಸಿದರು. ಮೂರನೆಯ ತರಗತಿಯಲ್ಲಿ ಕಾಡವ್ವನ ಮೊಮ್ಮಗಳು ಸ್ನೇಹಲ್ ಪಕ್ಕದಲ್ಲಿ ಚನ್ನವ್ವನ ಮಗಳು ಶೈಲಶ್ರೀ ಬಂದು ಕೂತಳು. ಇದರಿಂದ ಅಕ್ಕೋರಿಗೆ ಏನು ಲಾಭ ಎಂದು ಕಾಡವ್ವ ಬಹಳ ಯೋಚಿಸಿದಳು. ಲಾಭ ಕಾಣಲಿಲ್ಲ. ಲಾಭ ಕಾಣದ ಕೆಲಸ ಮಾಡುವವರ ಬಗ್ಗೆ ಇನ್ನಷ್ಟು ಹುಷಾರಾಗಿರಬೇಕು ಅನ್ನಿಸಿತು.

ಅಷ್ಟರಲ್ಲಿ ಶಂಕರೆಪ್ಪ ಅರ್ಜಿ ಕೊಟ್ಟ. ಅಡುಗೆಯವಳನ್ನು ಬದಲಿಸಬೇಕು, ಮಕ್ಕಳು ಉಣ್ಣುತ್ತಿಲ್ಲ ಎಂದು. ಶನಿವಾರ ಪಾಲಕರ ಸಭೆ ಕರೆದು ತೀರ್ಮಾನ ಮಾಡೋಣ ಎಂದರು ಅಕ್ಕೋರು. ಸೌಟು ಕಿತ್ತುಕೊಂಡರೆ ಅವಳು ಹಸಿವೆಯಿಂದೇನೂ ಸಾಯುತ್ತಿರಲಿಲ್ಲ, ಮಗ ದುಡಿಯುತ್ತಿದ್ದ. ಆದರೆ ನಿನ್ನ ಅಜ್ಜಿಯ ಕೈಯ ಅನ್ನ ಹೊಲಸು ಎಂದು ಮೊಮ್ಮಗಳು ಓದುವ ಅದೇ ಶಾಲೆಯಲ್ಲಿ ತೀರ್ಮಾನವಾಗುತ್ತಿತ್ತು. ಅದನ್ನು ತಾಳಿಕೊಳ್ಳುವ ಶಕ್ತಿ ಅವಳಿಗಿರಲಿಲ್ಲ.

ಗುರುವಾರ ಚನ್ನವ್ವ ಬಂದಾಗ ಕಾಡವ್ವ ಪಾತ್ರೆಗೆ ಅಡ್ಡವಾಗಿ ನಿಂತಳು.

“ಉಣ್ಣೂದಿದ್ರ ಇಲ್ಲೇ ಕುಂತ ಉಣ್ರಿ ಅವ್ವಾರ. ಡಬ್ಬಿಗಿ ಹಾಕಂಗಿಲ್ಲ.”

ಯಾರಾದರೂ ಕಂಡರೇನೋ ಎಂದು ಚನ್ನವ್ವ ಗೇಟಿನ ಕಡೆ ತಿರುಗಿ ನೋಡಿದಳು. ಖಾಲಿ ಡಬ್ಬಿ ಸೆರಗಿನೊಳಗೆ ಹೋಯಿತು. ಕಳ್ಳತನವನ್ನು ಕೈಯಾರೆ ಹಿಡಿದಷ್ಟು ಸಮಾಧಾನ ಕಾಡವ್ವನಿಗೆ ಆಯಿತು. ಆ ದಿನ ಅವಳು ಎರಡು ಸಲ ಚಹಾ ಕುಡಿದಳು.

ಶುಕ್ರವಾರ ಸಂಜೆ ಸ್ನೇಹಲ್ ಪಾಟಿಚೀಲ ಇಳಿಸುತ್ತ, ಶೈಲಶ್ರೀ ನಿನ್ನೆಯಿಂದ ಮನೆಯಲ್ಲಿ ಉಂಡಿಲ್ಲ, ತಾಟು ತಳ್ಳಿ ಅತ್ತಳಂತೆ ಎಂದಳು. ಗೆಳತಿಯರೆಲ್ಲ ಉಣ್ಣುವುದನ್ನೇ ಉಣ್ಣುತ್ತೇನೆ ಎಂದು ಹುಡುಗಿ ಮೊದಲಿನಿಂದ ಹಟ ಹಿಡಿದಿದ್ದಳಂತೆ. ಅಪ್ಪ ಬಿಡುವುದಿಲ್ಲ. ಅದಕ್ಕೆ ಅವ್ವ ಡಬ್ಬಿಯಲ್ಲಿ ಸಾರು ತಂದು, ಒಳಕೋಣೆಯ ಬಾಗಿಲು ಹಾಕಿ, ಇಬ್ಬರೂ ಅನ್ನಕ್ಕೆ ಕಲಸಿಕೊಂಡು ಉಣ್ಣುತ್ತಿದ್ದರಂತೆ. ಚನ್ನವ್ವನ ಅತ್ತೆ ಕೇಳಿದರೆ ತನ್ನ ಅಕ್ಕನ ಮನೆಯದು ಅನ್ನುವುದಂತೆ.

“ಯಾರಿಗೂ ಹೇಳಬ್ಯಾಡ ಅಂತ ಆಣಿ ಹಾಕ್ಯಾಳ ಅಜ್ಜಿ,” ಎಂದಳು ಸ್ನೇಹಲ್, ಹೇಳಿ ಮುಗಿಸಿದ ಮೇಲೆ.

ಮಗುವಿಗೆ ಯಾರೋ ಹೇಳಿಕೊಟ್ಟಿದ್ದಾರೆ ಎಂಬುದು ಕಾಡವ್ವನ ಮೊದಲ ಗುಮಾನಿ. ಅಡ್ಡಅಡ್ಡ ಪ್ರಶ್ನೆ ಹಾಕಿ ಮೂರು ಸಲ ಕೇಳಿದಳು, ಮೂರು ಸಲವೂ ಅದೇ ಉತ್ತರ. ಆಗ ಅವಳಿಗೆ ಹಗುರವೆನ್ನಿಸಬೇಕಿತ್ತು. ಬಂದದ್ದು ಸಿಟ್ಟು. ತನ್ನ ಕೈಯ ಸಾರು ಹಲ್ಲಿ ಬೀಳದೆ, ಮಣ್ಣಿಗೆ ಸುರಿಯದೆ ಮನುಷ್ಯರ ಹೊಟ್ಟೆಗೇ ಹೋಗಿತ್ತು, ನಿಜ. ಆದರೆ ಕದ್ದು ತಂದ ಸಾರಾಯಿಯ ಹಾಗೆ ಸೆರಗಿನಲ್ಲಿ ಮುಚ್ಚಿಕೊಂಡು, ಬಾಗಿಲು ಹಾಕಿಕೊಂಡು! ಪಪ್ಪಾಯಿ ಗಿಡವಾದರೂ ಬಯಲಲ್ಲಿ ಉಂಡಿತ್ತು. ಅವಳು ನಿದ್ದೆಗೆ ಜಾರುವ ಮೊದಲೇ ನಿಶ್ಚಯಿಸಿದಳು: ನಾಳೆ ಸಭೆಯಲ್ಲಿ ಶಂಕರೆಪ್ಪ ಬಾಯಿ ತೆರೆಯಲಿ, ಅವನ ಮನೆಯ ಸುದ್ದಿಯನ್ನು ಅವನ ಮುಂದೆಯೇ ಹರವುತ್ತೇನೆ.

ಶನಿವಾರ ಮಕ್ಕಳನ್ನು ಬಿಟ್ಟ ಮೇಲೆ ಜಮಖಾನೆ ಹಾಸಿ ಸಭೆ ಕೂತಿತು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಕೇರಿಯವರು ಬಾಗಿಲ ಹತ್ತಿರ. ಶಂಕರೆಪ್ಪ ಎದ್ದು ನಿಂತು, ತನಗೆ ಯಾರ ಮೇಲೂ ಹಗೆ ಇಲ್ಲ, ಮಕ್ಕಳ ಆರೋಗ್ಯವಷ್ಟೇ ಮುಖ್ಯ ಎಂದು ಶುರುಮಾಡಿದ. ಆಮೇಲೆ ಅಸಲು ಮಾತಿಗೆ ಬಂದ.

“ನಮ್ಮ ಮನ್ಯಾಗ ಅಕಿ ಕೈಲೆ ಮಾಡಿದ್ದು ಒಂದ ತುತ್ತೂ ಉಂಡಿಲ್ಲ. ಉಣ್ಣೂದೂ ಇಲ್ಲ.”

ಮಾತು ಕಾಡವ್ವನ ನಾಲಿಗೆಯ ತುದಿಗೆ ಬಂದಿತ್ತು. ಅವಳು ಚನ್ನವ್ವನತ್ತ ನೋಡಿದಳು. ಚನ್ನವ್ವ ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಗಿಯುತ್ತಿದ್ದಳು, ಬೆರಳು ಬೆಳ್ಳಗಾಗಿತ್ತು. ಇವಳ ಸಂಸಾರ ಕಟ್ಟಿಕೊಂಡು ನನಗೇನು ಎಂದು ಕಾಡವ್ವ ತನಗೇ ಹೇಳಿಕೊಂಡಳು. ಆದರೂ ಬಾಗಿಲು ಹಾಕಿದ ಕೋಣೆಯಲ್ಲಿ ಕೂತು ತನ್ನ ಸಾರು ಉಣ್ಣುವ ಹುಡುಗಿ ಕಣ್ಣೆದುರು ಬಂದಳು. ಈ ಮಾತು ಆಡಿದರೆ ನಾಳೆಯಿಂದ ಆ ಹುಡುಗಿಯ ಕದವನ್ನು ಹೊರಗಿನಿಂದ ಹಾಕುತ್ತಾರೆ.

“ಅಕ್ಕೋರ,” ಎಂದಳು, “ರುಚಿ ನೋಡೂ ಪುಸ್ತಕ ಒಂದ ಸಲ ಓದ್ರಿ.”

ಅಕ್ಕೋರು ಕನ್ನಡಕ ಏರಿಸಿ ಓದಿದರು. ಜೂನ್‌ನಿಂದ ಈವರೆಗೆ ಒಂದೊಂದು ದಿನ, ಒಂದೊಂದು ಹೆಸರು, ಪ್ರತಿ ಹೆಸರಿನ ಮುಂದೆ ‘ರುಚಿ ನೋಡಿದೆ, ಚೆನ್ನಾಗಿದೆ’. ಕೆಂಪವ್ವನ ಹೆಸರು ಬಂತು. ಚನ್ನವ್ವನ ಹೆಸರು ಎರಡು ಸಲ ಬಂತು. ಶಂಕರೆಪ್ಪ ನಕ್ಕು, ಅದು ಬರೀ ಸಹಿ, ಕಾಗದದ ಕೆಲಸ ಎಂದ. ಅಕ್ಕೋರು ನಗಲಿಲ್ಲ. ಸಹಿ ಸುಳ್ಳಾದರೆ ಹಾಗೆಂದು ಮೇಲಿನ ಆಫೀಸಿಗೆ ಬರೆಯಬೇಕಾಗುತ್ತದೆ, ಸಹಿ ಖರೆಯಾದರೆ ಅರ್ಜಿ ಸುಳ್ಳು, ಯಾವುದೆಂದು ಸಹಿ ಮಾಡಿದವರೇ ಹೇಳಲಿ ಎಂದರು.

ಹೆಂಗಸರೆಲ್ಲ ಜಮಖಾನೆಯ ಪಟ್ಟೆಗಳನ್ನು ನೋಡತೊಡಗಿದರು. ಯಾರೂ ಏಳುವುದಿಲ್ಲ ಎಂದು ಕಾಡವ್ವನಿಗೆ ಗೊತ್ತಿತ್ತು. ಅಷ್ಟರಲ್ಲಿ ಚನ್ನವ್ವ ಎದ್ದಳು.

“ನಾ ಉಂಡೇನಿ. ಪಾಳಿ ಬಂದಾಗಲ್ಲ, ಆಮ್ಯಾಲ ದಿನಾ. ನನ್ನ ಮಗಳೂ ಉಂಡಾಳ.” ಅವಳು ಗಂಡನ ಕಡೆ ನೋಡಲಿಲ್ಲ. “ಬಾಗಲಾ ಹಾಕ್ಕೊಂಡ ಉಂಡೇವಿ. ನನಗ ನಾಚಿಕಿ ಬರೂದು ಆ ಬಾಗಲದ್ದು, ಉಂಡಿದ್ದರದ್ದಲ್ಲ.”

ಶಂಕರೆಪ್ಪನ ಮುಖ ಕಪ್ಪಿಟ್ಟಿತು. ಅವನು ಹೆಂಡತಿಯ ಕಡೆ ತಿರುಗುವಷ್ಟರಲ್ಲೇ, ಆಫೀಸಿನ ಹೆಸರು ಕೇಳಿ ಹೆದರಿದ್ದ ಕೆಂಪವ್ವ ತಾನೂ ಉಂಡಿದ್ದೇನೆ, ಭಾರಿ ರುಚಿಯಿತ್ತು ಎಂದು ಕೂತಲ್ಲಿಂದಲೇ ಒದರಿದಳು. ಅವಳ ಹಿಂದೆ ಇನ್ನೂ ನಾಲ್ವರು. ಶುದ್ಧ ಸುಳ್ಳು. ಕಾಡವ್ವ ಪಪ್ಪಾಯಿ ಗಿಡವನ್ನು ನೆನೆದು ತುಟಿ ಕಚ್ಚಿಕೊಂಡಳು. ಆದರೆ ಆಡಿದ ಸುಳ್ಳಿನಿಂದ ಅವರ್‍ಯಾರಿಗೂ ಹಿಂದೆ ಸರಿಯಲು ಆಗಲಿಲ್ಲ. ಅಕ್ಕೋರು ಅರ್ಜಿಯನ್ನು ಮಡಚಿ ಫೈಲಿಗೆ ಹಾಕಿದರು. ಶಂಕರೆಪ್ಪ ಹೆಂಡತಿಯನ್ನು ಬಿಟ್ಟು ಒಬ್ಬನೇ ಮನೆಗೆ ನಡೆದ.

ಸೋಮವಾರ ಹನ್ನೊಂದರಲ್ಲಿ ಐದು ಮಕ್ಕಳು ಪಂಕ್ತಿಯಲ್ಲಿ ಕೂತಿದ್ದವು, ಶೈಲಶ್ರೀಯೂ ಕೂತಿದ್ದಳು. ಸಾಲಿನ ಕೊನೆಯಲ್ಲಿ, ರಸ್ತೆಯಿಂದ ಹೋಗುವವರಿಗೆಲ್ಲ ಕಾಣುವ ಜಾಗದಲ್ಲಿ, ಚನ್ನವ್ವ ತಾಟು ಮುಂದಿಟ್ಟುಕೊಂಡು ಕೂತಳು. ಕಾಡವ್ವನಿಗೆ ಇನ್ನೂ ಪೂರ್ತಿ ನಂಬಿಕೆ ಬಂದಿರಲಿಲ್ಲ. ಎದ್ದು ಹೋಗುತ್ತಾಳೇನೋ, ಅನ್ನ ಕಲಸಿ ಹಾಗೇ ಬಿಡುತ್ತಾಳೇನೋ ಎಂದು ನೋಡುತ್ತಲೇ ಮಕ್ಕಳಿಗೆ ಬಡಿಸುತ್ತ ಬಂದಳು.

ಚನ್ನವ್ವನ ಮುಂದೆ ಬಂದಾಗ ಸೌಟು ತಾನಾಗಿ ಮೇಲಕ್ಕೆ, ಎದೆಯ ಮಟ್ಟಕ್ಕೆ ಏರಿತು. ಅಲ್ಲಿಂದ ಸುರಿದ ಸಾರು ತಾಟಿಗೆ ಬಿದ್ದು ಚನ್ನವ್ವನ ಸೀರೆಗೆ, ಕೈಗೆ ಸಿಡಿಯಿತು. ಮೇಲಿನ ಓಣಿಯವರು ಕಾಡವ್ವನಿಗೆ ಹುಟ್ಟಿದಾಗಿನಿಂದ ನೀರಾಗಲಿ, ಮಜ್ಜಿಗೆಯಾಗಲಿ ಹಾಗೇ ಮೇಲಿಂದ ಸುರಿದಿದ್ದರು. ಆ ಓಣಿಗೂ ತನ್ನ ಕೇರಿಗೂ ನಡುವೆ ಕೊಡುವುದೆಂದರೆ ಹೀಗೇ ಎಂದು ಅವಳ ಕೈ ಕಲಿತುಬಿಟ್ಟಿತ್ತು.

ಚನ್ನವ್ವ ಕೈ ಒರೆಸಿಕೊಂಡು ತಲೆ ಎತ್ತಿದಳು.

“ಕೈ ಕೆಳಗ ತಾ ಕಾಡಕ್ಕ. ಸುಡತೈತಿ.”

ಕಾಡವ್ವ ಬಗ್ಗಿದಳು. ಸೌಟಿನ ಅಂಚು ತಾಟಿನ ಅಂಚಿಗೆ ತಾಗಿತು. ಸಾರು ಇಳಿದು ಮುಗಿಯುವವರೆಗೆ ಅವಳು ಸೌಟನ್ನು ಅಲ್ಲಿಂದ ಎತ್ತಲಿಲ್ಲ.