ಸಂಬಳವಿಲ್ಲದವರ ಸಮಯ

ಸೊನ್ನೆಯನ್ನು ಅಳಿಸಿ ಹನ್ನೆರಡು ಎಂದು ಒತ್ತಿದ. ಪರದೆಯ ಕೆಳಗಿನ ಅಂಕಿ ಒಮ್ಮೆ ಮಿಣುಕಿ ಕೆಂಪಿನಿಂದ ಹಸಿರಾಯಿತು. ಅಷ್ಟೇ. ರೈಲು ಹಳಿಯ ಮೇಲೆ ಕಾಲುಸೇತುವೆ ಕಟ್ಟುವುದು ಈಗ ಲಾಭದ ಕೆಲಸ.

ಅವನು ಕುರ್ಚಿಗೆ ಒರಗಿದ. ಯೋಜನೆಗಳ ಖರ್ಚು-ಲಾಭ ತೂಗುವ ಈ ಸರ್ಕಾರಿ ಕಚೇರಿಯಲ್ಲಿ ಜನರ ಸಮಯಕ್ಕೆ ಬೆಲೆ ಕಟ್ಟುವುದು ಅವರ ಸಂಬಳದಿಂದ. ಸಂಬಳವಿಲ್ಲದವರ ಗಂಟೆಗೆ ಸೊನ್ನೆ ರೂಪಾಯಿ. ಆ ಸೊನ್ನೆಯೊಳಗೆ ಅವನ ಅಮ್ಮನೂ ಇದ್ದಳು. ಮಧ್ಯಾಹ್ನವಾದರೆ ರೈಲ್ವೆ ಗೇಟು ದಾಟಿ ಹೋಗಿ, ಹಾಸಿಗೆ ಹಿಡಿದ ತನ್ನ ಅಕ್ಕನ ತಲೆ ಬಾಚಿ, ಊಟ ಮಾಡಿಸಿ ಬರುವವಳು. ಕಾಲುಸೇತುವೆಯೂ ಇಲ್ಲದೆ ಗೇಟನ್ನು ಶಾಶ್ವತವಾಗಿ ಮುಚ್ಚಿದರೆ ದೂರದ ಮೇಲ್ಸೇತುವೆಯನ್ನು ಸುತ್ತಿ ಬರಬೇಕು. ಅವಳ ಮೊಣಕಾಲಿಗೆ ಅದು ಆಗದ ಮಾತು.

"ಹಸಿರು ಯಾಕ್ರೀ ಬಂತು?" ನಿರ್ದೇಶಕರು ಬೆನ್ನ ಹಿಂದೆ ನಿಂತಿದ್ದರು.

"ಸಂಬಳ ಇಲ್ಲದೋರಿಗೂ ಸ್ವಲ್ಪ ಬೆಲೆ ಹಾಕಿ ನೋಡ್ದೆ ಸಾರ್."

"ನೋಡಿದ್ರಲ್ಲ, ಅಳಿಸಿ. ಗೇಟು ಮುಚ್ಚೋದು ಅಂತ ಮೇಲೆ ತೀರ್ಮಾನ ಆಗಿದೆ. ವಾಹನದವರಿಗೆ ಸಂಘ ಇದೆ. ಗುತ್ತಿಗೆದಾರರಿಗೆ ಮಂತ್ರಿ ಇದ್ದಾರೆ. ನಡೆಯೋರಿಗೆ ಏನಿದೆ? ಚಪ್ಪಲಿ."

ಅವನು ನಕ್ಕ. ನಗು ಬೇಕಾದ್ದಕ್ಕಿಂತ ತುಸು ಉದ್ದವಾಯಿತು.

"ಇನ್ನೊಂದು. ಸುತ್ತು ಹಾಕಿ ನಡೆದ್ರೆ ವ್ಯಾಯಾಮ ಅಲ್ವೇನ್ರೀ? ಅದನ್ನ ಲಾಭದ ಕಡೆ ಹಾಕಿ."

"ವಯಸ್ಸಾದೋರಿಗೆ..."

"ವಯಸ್ಸಾದೋರಿಗೆ ಇನ್ನೂ ಜಾಸ್ತಿ ಹಾಕಿ."

ಹಾಕಿದ. ಅಮ್ಮನ ಮೊಣಕಾಲು ಲಾಭದ ಸಾಲಿನಲ್ಲಿ ಚೆನ್ನಾಗಿ ಹೊಂದಿಕೊಂಡಿತು. ಹನ್ನೆರಡನ್ನು ಮತ್ತೆ ಸೊನ್ನೆ ಮಾಡಿ, ಗೇಟು ಮುಚ್ಚುವ ವರದಿಗೆ ರುಜು ಹಾಕಿದ. ಪೆನ್ನಿನ ಮುಚ್ಚಳ ಮುಚ್ಚಿದ.

ಸಂಜೆ ನೇರ ಮನೆಗೆ ಹೋಗದೆ ಗೇಟಿನ ಬಳಿ ಬಂದ. ಅಮ್ಮ ಮರಳುವ ಹೊತ್ತು. ಗೇಟು ಬಿದ್ದಿತ್ತು. ರೈಲು ಹಾಯುತ್ತಿತ್ತು. ಬೋಗಿಗಳ ಸಂದಿಯಲ್ಲಿ ಅಮ್ಮ ಆಚೆ ದಡದಲ್ಲಿ ನಿಂತವಳಂತೆ ತುಂಡು ತುಂಡಾಗಿ ಕಂಡಳು.

ರೈಲು ಹೋದ ಮೇಲೆ ಅವಳೇ ಕೂಗಿದಳು. "ಗೇಟು ಮುಚ್ತಾರಂತೆ, ಹೌದೇನೋ?"

"ಯಾರಂದ್ರು?"

"ಗೇಟಿನವನು. ನಿಮ್ಮ ಮಗನ್ನೇ ಕೇಳಮ್ಮ ಅಂದ."

ಪಕ್ಕದ ಸ್ಕೂಟರಿನವನು ತಿರುಗಿ ಅವನನ್ನು ನೋಡಿದ.

"ಮನೇಲಿ ಹೇಳ್ತೀನಿ, ಬಾ."

"ಇಲ್ಲೇ ಹೇಳು."

"ದಿನಾ ಕಾರು ಗೊತ್ತು ಮಾಡ್ತೀನಮ್ಮ. ನಮ್ಮ ಮನೆ ಬಾಗಿಲಿಂದ ದೊಡ್ಡಮ್ಮನ ಬಾಗಿಲಿಗೆ. ನೀನು ನಡೆಯೋದೇ ಬೇಡ."

"ರುಜು ನಿಂದೇನಾ?"

ಅಷ್ಟರಲ್ಲಿ ಗೇಟಿನ ಅಡ್ಡಕಂಬ ಮೇಲೆದ್ದಿತು. ಉತ್ತರ ಕೊಡುವುದು ತಪ್ಪಿತೆಂದು ಅವನಿಗೆ ಸಮಾಧಾನವೇ ಆಯಿತು. ವಾಹನಗಳು ಎರಡೂ ಕಡೆಯಿಂದ ನುಗ್ಗಿ, ಒಂದನ್ನೊಂದು ಬೈದುಕೊಂಡು ಚದುರಿದವು. ಹಳಿ ಖಾಲಿಯಾಯಿತು. ನಡುವೆ ಅಡ್ಡ ಏನೂ ಉಳಿದಿರಲಿಲ್ಲ.

ಅಮ್ಮ ಕದಲಲಿಲ್ಲ.

ಅವನು ಹಳಿಗಳ ನಡುವಿನವರೆಗೆ ನಡೆದು ನಿಂತ. ಮತ್ತೆ ಗಂಟೆ ಹೊಡೆಯತೊಡಗಿತು. ಬೆನ್ನ ಹಿಂದೆ ಒಂದು ಕಂಬ, ಎದುರಿಗೆ ಇನ್ನೊಂದು, ಎರಡೂ ಅವಸರವಿಲ್ಲದೆ ಇಳಿಯುತ್ತಿದ್ದವು. ಕೈ ಚಾಚಿದ.

"ಬಾಮ್ಮ. ಕೈ ಕೊಡು, ಬೇಗ."

ಅಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ನೀನು ಹೋಗು. ನಾನು ಅಕ್ಕನ ಹತ್ರಾನೇ ಇರ್ತೀನಿ," ಅಂದಳು. "ಬರಲ್ಲ."